ಪದಕೋಶದ ಕಿಟ್ಟೆಲರು

ಪಂಪನನ್ನೋ ಹರಿಹರನನ್ನೋ ಹೊಸದಾಗಿ ಕೈಗೆತ್ತಿಕೊಂಡವನು ಮೊದಲ ಪದ್ಯದಲ್ಲಿಯೇ ಎಡವುವುದು ಭಾವದಲ್ಲಲ್ಲ, ಮಾತಿನಲ್ಲಿ. ಭಾವವು ಎಷ್ಟೇ ಹಿರಿದಾಗಿದ್ದರೂ ಮನುಷ್ಯನ ಹೃದಯಕ್ಕೆ ಅದು ಪರಿಚಿತವೇ. ಆದರೆ ಎಲರ್ ಎಂದರೆ ಗಾಳಿ, ಅಲರ್ ಎಂದರೆ ಹೂವು, ಪೊನಲ್ ಎಂದರೆ ಹೊಳೆ ಎಂಬುದನ್ನು ಅರಿಯದವನಿಗೆ ಕವಿಯ ವನವರ್ಣನೆಯು ಕತ್ತಲೆಯ ಕೋಣೆಯೇ ಸರಿ. ಈ ತೊಡಕು ಇಂದಿನದಲ್ಲ. ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಬಾಯಿಪಾಠ. ಅಮರಕೋಶವನ್ನು ಉರುಹಾಕಿದ ಹುಡುಗನಿಗೆ ಕನ್ನಡದ ಪದಗಳಿಗಾಗಿ ಬೇರೆ ಕೋಶಗಳಿದ್ದವು. ರನ್ನನ ಹೆಸರಿನಲ್ಲಿ ರನ್ನಕಂದವೆಂಬ ಪದಕೋಶವೊಂದರ ಕೆಲವೇ ಕಂದಗಳು ಉಳಿದು ಬಂದಿವೆ. ಎರಡನೆಯ ನಾಗವರ್ಮನ ಅಭಿಧಾನವಸ್ತುಕೋಶ, ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇವೆಲ್ಲವೂ ಪದ್ಯದಲ್ಲಿಯೇ ಹುಟ್ಟಿದವು. ಕೇಶಿರಾಜನು ಶಬ್ದಮಣಿದರ್ಪಣದ ಕೊನೆಗೆ ಪ್ರಯೋಗಸಾರವೆಂಬ ಭಾಗವನ್ನು ಸೇರಿಸಿ, ತನ್ನ ಕಾಲಕ್ಕಾಗಲೇ ಅಪರೂಪವಾಗುತ್ತಿದ್ದ ಹಳೆಯ ಮಾತುಗಳಿಗೆ ಅರ್ಥ ಕೊಟ್ಟನು. ಅದು ಹದಿಮೂರನೆಯ ಶತಮಾನದ ಮಾತು.

ಈ ಪದ್ಯಕೋಶಗಳಲ್ಲಿ ಒಂದು ಕೊರತೆಯುಂಟು. ಕಂಠಪಾಠ ಮಾಡಿದವನಿಗೆ ಅವು ನಿಧಿ. ಹುಡುಕಿ ಬಂದವನಿಗೆ ನಿಷ್ಪ್ರಯೋಜಕ. ಒಂದು ಪದ ಯಾವ ಪದ್ಯದ ಯಾವ ಸಾಲಿನಲ್ಲಿದೆಯೆಂದು ಮೊದಲೇ ಗೊತ್ತಿಲ್ಲದಿದ್ದರೆ ಇಡೀ ಕೋಶವನ್ನು ಓದಿಯೇ ಅದನ್ನು ಕಾಣಬೇಕು. ಗುರುವಿನೆದುರು ಕುಳಿತು ಹನ್ನೆರಡು ವರ್ಷ ಓದುವ ಶಿಷ್ಯನಿಗಾಗಿ ಹುಟ್ಟಿದ ಸಾಮಗ್ರಿಯದು. ಗುರುವೂ ಇಲ್ಲದೆ ಹನ್ನೆರಡು ವರ್ಷವೂ ಇಲ್ಲದೆ, ಒಂಟಿಯಾಗಿ ಪುಸ್ತಕದೆದುರು ಕುಳಿತ ಓದುಗನಿಗೆ ಹಳಗನ್ನಡದ ಬಾಗಿಲನ್ನು ತೆರೆದು ಕೊಟ್ಟವರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್. ಅವರು ನಮ್ಮ ನಾಡಿನವರಲ್ಲ, ನಮ್ಮ ಧರ್ಮದವರಲ್ಲ, ನಮ್ಮ ಕವಿಗಳನ್ನು ಓದಲೆಂದು ಬಂದವರೂ ಅಲ್ಲ.

ಜರ್ಮನಿಯ ವಾಯವ್ಯದ ಅಂಚಿನಲ್ಲಿ, ಸಮುದ್ರಕ್ಕೆ ಹತ್ತಿರವಾದ ಪೂರ್ವ ಫ್ರೀಸ್‌ಲೆಂಡ್ ಪ್ರದೇಶದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ೧೮೩೨ರ ಏಪ್ರಿಲ್ ತಿಂಗಳಲ್ಲಿ ಅವರು ಹುಟ್ಟಿದರು. ತಂದೆ ಕ್ರೈಸ್ತ ಪಾದ್ರಿ. ಅದೇ ೧೮೩೨ರಲ್ಲಿ ವಿಲಿಯಂ ರೀವ್ ಎಂಬ ಮಿಷನರಿಯ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು ಕೇವಲ ಕಾಕತಾಳೀಯವಾದರೂ ನೆನೆದಾಗ ಸೊಗಸೆನಿಸುತ್ತದೆ; ಆ ನಿಘಂಟನ್ನು ಹಿಂದಿಕ್ಕುವವನು ಆಗ ಫ್ರೀಸ್‌ಲೆಂಡಿನ ತೊಟ್ಟಿಲಿನಲ್ಲಿದ್ದನು. ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳ ಶಿಕ್ಷಣ ಪಡೆದ ಈ ಯುವಕನು ೧೮೫೦ರಲ್ಲಿ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ, ೧೮೫೩ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೂಸ್ಥಾನಕ್ಕೆ ಬಂದಿಳಿದನು. ಬಂದ ಉದ್ದೇಶ ಮತಪ್ರಚಾರ. ಇದನ್ನು ಮರೆಮಾಚುವುದಾಗಲಿ, ಇದೊಂದನ್ನೇ ಹಿಡಿದು ಅವರ ಬಾಳನ್ನೆಲ್ಲ ಅಳೆಯುವುದಾಗಲಿ ನ್ಯಾಯವಲ್ಲವೆಂದು ನನ್ನ ಎಣಿಕೆ.

ಮಿಷನ್ನಿನಲ್ಲಿ ಕನ್ನಡದ ಕೆಲಸಕ್ಕೆ ಅಡಿಗಲ್ಲು ಆಗಲೇ ಬಿದ್ದಿತ್ತು. ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದ್ದರು. ಕಿಟ್ಟೆಲರ ಕಾಲಕ್ಕೆ ಹೀಗೆ ಕೆಲವು ಕಾವ್ಯಗಳು ಕಾಗದದ ಮೇಲೆ ದೊರೆಯುತ್ತಿದ್ದವು. ಉಳಿದವು ಓಲೆಗರಿಗಳಲ್ಲಿ, ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ ಇದ್ದವು. ಧಾರವಾಡ, ಹುಬ್ಬಳ್ಳಿಗಳ ಕಡೆ ಕೆಲಸಕ್ಕೆ ಹೋದ ಈ ಯುವಕನು ಜನರ ಭಾಷೆಯನ್ನು ಜನರ ನಡುವೆಯೇ ಕಲಿಯಬೇಕೆಂದು ಹಟ ಹಿಡಿದನು. ಕನ್ನಡಿಗರಿಗೆ ಕನ್ನಡಿಗನಾಗಿ ಬಾಳಬೇಕೆಂಬ ಅವರ ಹಂಬಲವು ಸಹೋದ್ಯೋಗಿಗಳಿಗೆ ವಿಚಿತ್ರವಾಗಿಯೂ ಹಿರಿಯರಿಗೆ ಅಶಿಸ್ತಾಗಿಯೂ ತೋರಿತು. ಬಿಳಿಯನಾದವನು ತಕ್ಕ ದೂರದಲ್ಲಿ ನಿಂತು ಉಪದೇಶಿಸಬೇಕೆಂಬ ಆ ಕಾಲದ ಪದ್ಧತಿಗೆ ಇದು ಒಗ್ಗಲಿಲ್ಲ. ಅವರನ್ನು ನೀಲಗಿರಿಯ ಕೇತ್ತಿಗೆ ಕಳುಹಿಸಲಾಯಿತು. ಬಯಲುಸೀಮೆಯ ಕನ್ನಡದ ನಡುವಿನಿಂದ ಎತ್ತಿ ಬೆಟ್ಟದ ಮೇಲಿಟ್ಟ ಈ ವರ್ಗಾವಣೆಯು ಅವರ ಪಾಲಿಗೆ ಒಂದು ಬಗೆಯ ದೂಡಿಕೆಯೇ ಆಗಿತ್ತು.

ಅವರ ಖಾಸಗಿ ಬದುಕೂ ಸುಗಮವಾಗಿರಲಿಲ್ಲ. ೧೮೬೦ರಲ್ಲಿ ಪೌಲೀನ್ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕು ವರ್ಷಗಳಲ್ಲಿ, ೧೮೬೪ರಲ್ಲಿ, ಆಕೆ ತೀರಿಕೊಂಡರು. ಮುಂದೆ ೧೮೬೭ರಲ್ಲಿ ಆಕೆಯ ತಂಗಿ ಜೂಲಿಯ ಕೈಹಿಡಿದರು. ಈ ದುಃಖದ ವರ್ಷಗಳಲ್ಲಿಯೂ ಬರವಣಿಗೆ ನಿಲ್ಲಲಿಲ್ಲವೆಂಬುದು ಗಮನಾರ್ಹ. ೧೮೬೨ರಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಬರೆದರು. ಅದರ ಕಾವ್ಯಗುಣದ ಚರ್ಚೆ ಇಲ್ಲಿ ಬೇಡ. ಆದರೆ ಪರಭಾಷೆಯವನೊಬ್ಬನು ನಮ್ಮ ಛಂದಸ್ಸಿನಲ್ಲಿ ಪದ್ಯ ಕಟ್ಟುವಾಗ ಒಂದೊಂದು ಮಾತ್ರೆಗೂ ತಕ್ಕ ಪದವನ್ನು ಹುಡುಕಿ ತಡಕಾಡಿರಬೇಕು. ಮುಂದಿನ ಕೋಶಕಾರನಿಗೆ ಅದಕ್ಕಿಂತ ಮೇಲಾದ ಸಾಧನೆ ಬೇರೊಂದಿಲ್ಲ. ಅದೇ ದಶಕದಲ್ಲಿ ಹಳೆಯ ಕಾವ್ಯಗಳಿಂದ ಪದ್ಯಗಳನ್ನು ಆಯ್ದು, ಕಠಿನಪದಗಳ ಅರ್ಥದೊಡನೆ ವಿದ್ಯಾರ್ಥಿಗಳ ಓದಿಗೆಂದು ಸಂಕಲನವೊಂದನ್ನು ಸಿದ್ಧಪಡಿಸಿದರು. ಕಾವ್ಯವನ್ನು ಓದಿಸಬೇಕಾದರೆ ಮೊದಲು ಪದವನ್ನು ಕೊಡಬೇಕೆಂಬ ತಿಳಿವು ಅಲ್ಲಿಯೇ ಮೂಡಿದ್ದನ್ನು ಕಾಣಬಹುದು.

ಆಮೇಲೆ ೧೮೭೨ರಲ್ಲಿ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಎರಡನೆಯದಕ್ಕೆ ಬರೆದ ಪ್ರಸ್ತಾವನೆಯು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕಾಲಾನುಕ್ರಮದಲ್ಲಿ ನೋಡಲು ಮಾಡಿದ ಮೊದಮೊದಲ ಪ್ರಯತ್ನಗಳಲ್ಲೊಂದು. ನಿಘಂಟಿಗೆ ಮುನ್ನ ವ್ಯಾಕರಣ, ವ್ಯಾಕರಣದ ಜೊತೆಗೆ ಛಂದಸ್ಸು, ಈ ಕ್ರಮದಲ್ಲಿ ಅವರು ನಡೆದದ್ದು ಆಕಸ್ಮಿಕವಲ್ಲ. ಹಳಗನ್ನಡದ ಪದವನ್ನು ಅದು ನಿಂತ ಪದ್ಯದಿಂದ ಕಿತ್ತು ತೆಗೆಯುವುದಕ್ಕೆ ಸಂಧಿಯನ್ನು ಬಿಡಿಸಬೇಕು, ಪ್ರಾಸವನ್ನು ನೋಡಬೇಕು. ಎಷ್ಟೋ ವೇಳೆ ಓಲೆಯ ಪ್ರತಿಕಾರನು ತಪ್ಪಿದ ಅಕ್ಷರವನ್ನು ತಿದ್ದಿಕೊಡುವುದು ಪ್ರಾಸವೇ.

ಅಕ್ಷರದ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ತರಗತಿಯಲ್ಲಿ ಪ್ರತಿವರ್ಷ ಇದಕ್ಕಾಗಿ ಎರಡು ದಿನ ನಿಲ್ಲುವುದು ವಾಡಿಕೆ. ಹಳಗನ್ನಡದಲ್ಲಿ ಇಂದಿಲ್ಲದ ಎರಡು ವ್ಯಂಜನಗಳಿದ್ದವು: ೞ ಮತ್ತು ಱ. ಕಾಲಕ್ರಮದಲ್ಲಿ ೞ ಎಂಬುದು ಳಕಾರದೊಡನೆ, ಱ ಎಂಬುದು ರಕಾರದೊಡನೆ ಬೆರೆತುಹೋದವು. ಕೇಶಿರಾಜನು ೞಕಾರವುಳ್ಳ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತೆಂದರೆ ಅವನ ಕಾಲಕ್ಕೆ ಕವಿಗಳೇ ಎಡವುತ್ತಿದ್ದರೆಂದು ಊಹಿಸಬಹುದು. ಬೆರೆತದ್ದರ ಫಲವೇನು? ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಬದುಕು. ಇಂದಿನ ಲಿಪಿಯಲ್ಲಿ ಎರಡೂ ಒಂದೇ. ಅರಿ ಎಂದರೆ ಕತ್ತರಿಸು. ಅಱಿ ಎಂದರೆ ತಿಳಿದುಕೋ. ಯುದ್ಧದ ವರ್ಣನೆಯನ್ನು ಓದುತ್ತಿರುವ ವಿದ್ಯಾರ್ಥಿಗೆ ಕತ್ತಿಯೋ ಬದುಕೋ, ಕೊಯ್ಯುವುದೋ ತಿಳಿಯುವುದೋ ಎಂಬ ಸಂದೇಹ ಬಂದರೆ ಅವನನ್ನು ದೂರುವಂತಿಲ್ಲ. ಕಿಟ್ಟೆಲರು ತಮ್ಮ ಕೋಶದಲ್ಲಿ ಈ ಎರಡು ಅಕ್ಷರಗಳನ್ನೂ ಉಳಿಸಿಕೊಂಡು, ಪದಗಳನ್ನು ಅವುಗಳ ಹುಟ್ಟಿಗೆ ತಕ್ಕಂತೆ ಬೇರೆಬೇರೆಯಾಗಿ ನಮೂದಿಸಿದರು. ಒಂದು ಪದದ ಮೂಲದಲ್ಲಿ ಯಾವ ಅಕ್ಷರವಿತ್ತೆಂದು ನಿಶ್ಚಯಿಸಲು ತಮಿಳು, ಮಲಯಾಳ, ತೆಲುಗು, ತುಳುಗಳ ಸಾಟಿಪದಗಳನ್ನು ಪಕ್ಕದಲ್ಲಿಟ್ಟು ನೋಡಿದರು.

ನಾನು ದುದ್ದದವನು. ಹಾಸನದ ಬಳಿಯೂ ಒಂದು ದುದ್ದವುಂಟು. ನಾನು ಹೇಳುತ್ತಿರುವುದು ಮಂಡ್ಯ ತಾಲ್ಲೂಕಿನ ಹೋಬಳಿಯೂರಾದ ದುದ್ದವನ್ನು. ನಮ್ಮ ಕಡೆಯ ಒಕ್ಕಲುಮಕ್ಕಳ ನಾಲಗೆಯಲ್ಲಿ ಹಕಾರ ನಿಲ್ಲುವುದಿಲ್ಲವೆಂಬುದು ಪೇಟೆಯವರ ನಗೆಗೆ ಹಳೆಯ ವಸ್ತು. ಹಾಲು ಆಲಾಗುತ್ತದೆ, ಹೊಲ ಒಲವಾಗುತ್ತದೆ, ಹುಲ್ಲು ಉಲ್ಲಾಗುತ್ತದೆ. ಕಾಲೇಜಿಗೆ ಬಂದ ನಮ್ಮ ಹುಡುಗರು ಈ ಕಾರಣಕ್ಕಾಗಿಯೇ ಬಾಯಿ ತೆರೆಯಲು ನಾಚುತ್ತಾರೆ. ಹಳಗನ್ನಡವೆಂದರೆ ತಮಗೆ ಎಟುಕದ ಪಂಡಿತರ ಸೊತ್ತೆಂದು ಮೊದಲೇ ಕೈಚೆಲ್ಲುತ್ತಾರೆ. ಅವರ ಮುಂದೆ ಕಿಟ್ಟೆಲ್ ಕೋಶವನ್ನು ಬಿಚ್ಚಿ ತೋರಿಸುವುದಿದೆ. ಪಾಲ್ ಎಂಬುದು ಪಂಪನ ಮಾತು. ಅದು ಹಾಲಾಯಿತು, ಹಾಲು ಆಲಾಯಿತು. ಪಕಾರ ಹಕಾರವಾದದ್ದು ಎಷ್ಟು ಸಹಜವೋ ಹಕಾರ ಉದುರಿದ್ದೂ ಅಷ್ಟೇ ಸಹಜ. ಮೊದಲನೆಯದನ್ನು ಭಾಷೆಯ ಬೆಳವಣಿಗೆಯೆಂದೂ ಎರಡನೆಯದನ್ನು ಹಳ್ಳಿಗಮಾರತನವೆಂದೂ ಕರೆಯುವುದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ. ಇನ್ನೂ ಸ್ವಾರಸ್ಯವಾದುದು ಹೊತ್ತು ಎಂಬ ಪದ. ಹಳಗನ್ನಡದಲ್ಲಿ ಅದು ಪೊೞ್ತು. ೞಕಾರವು ಮುಂದಿನ ತಕಾರದಲ್ಲಿ ಕರಗಿ ಪೊತ್ತು ಆಯಿತು, ಆಮೇಲೆ ಹೊತ್ತು, ನಮ್ಮೂರಿನಲ್ಲಿ ಒತ್ತು. ಹಾಗೆಯೇ ಕೞ್ತಲೆ ಕತ್ತಲೆಯಾಯಿತು, ಕೞ್ತೆ ಕತ್ತೆಯಾಯಿತು. ಈ ಕೊನೆಯ ಉದಾಹರಣೆ ಬಂದಾಗ ತರಗತಿಯು ನಕ್ಕೇ ನಗುತ್ತದೆ. ನಗು ಮುಗಿಯುವ ವೇಳೆಗೆ ಮೂರು ಪದಗಳನ್ನು ಅವರು ಕಲಿತಿರುತ್ತಾರೆ.

ಕಿಟ್ಟೆಲರ ಕೋಶವು ಕಾವ್ಯದ ಪದಗಳಿಗೆ ಮಾತ್ರ ಮೀಸಲಾಗದೆ ಆಡುನುಡಿಯನ್ನೂ ಗಾದೆಗಳನ್ನೂ ಒಳಗೊಂಡಿತೆಂಬುದನ್ನು ಇಲ್ಲಿಯೇ ಹೇಳಬೇಕು. ಹೊಲದ ತೆವರು, ಕಣ, ನೇಗಿಲು, ಅಡಿಗೆಮನೆಯ ಎಸರು, ಇವುಗಳ ಪಕ್ಕದಲ್ಲಿಯೇ ಕವಿಗಳ ಕಟ್ಟಾಣಿ ಮಾತುಗಳು ಅಕಾರಾದಿಯಾಗಿ ಕುಳಿತಿವೆ. ಇಂಥ ಬಳಕೆ ಮೈಸೂರು ಸೀಮೆಯದು, ಇಂಥದು ದಕ್ಷಿಣ ಮಹಾರಾಷ್ಟ್ರವೆಂದು ಅಂದು ಕರೆಯಲ್ಪಡುತ್ತಿದ್ದ ಧಾರವಾಡದ ಸೀಮೆಯದು ಎಂದು ಸಂಕೇತಾಕ್ಷರಗಳಿಂದ ಗುರುತಿಸಿದ್ದಾರೆ. ಪದವು ಸಂಸ್ಕೃತದ್ದೋ, ತದ್ಭವವೋ, ಅಚ್ಚಗನ್ನಡವೋ ಎಂದು ತೋರಿಸಿದ್ದಾರೆ. ಯಾವ ಕಾವ್ಯದಲ್ಲಿ, ಯಾವ ಹಳೆಯ ನಿಘಂಟಿನಲ್ಲಿ ಅದು ಕಂಡಿತೆಂಬುದಕ್ಕೆ ಆಕರವನ್ನು ಕೊಟ್ಟಿದ್ದಾರೆ. ಈ ಕೊನೆಯ ಗುಣದಿಂದಲೇ ಅದು ಬರಿಯ ಅರ್ಥಕೋಶವಾಗದೆ ಕಾವ್ಯಾಭ್ಯಾಸಿಯ ಸಂಗಾತಿಯಾಯಿತು. ಒಂದು ಪದಕ್ಕೆ ಐದು ಅರ್ಥವಿದ್ದರೆ, ಯಾವ ಅರ್ಥ ಎಲ್ಲಿಯದೆಂದು ತಿಳಿದವನು ತನ್ನ ಪದ್ಯಕ್ಕೆ ಹೊಂದುವುದನ್ನು ತಾನೇ ಆರಿಸಿಕೊಳ್ಳಬಲ್ಲನು.

ಇಷ್ಟು ದೊಡ್ಡ ಕೆಲಸ ಒಂದೇ ಉಸಿರಿನಲ್ಲಿ ಆದುದಲ್ಲ. ೧೮೭೭ರಲ್ಲಿ ಅವರು ಜರ್ಮನಿಗೆ ಹಿಂದಿರುಗಿದರು. ಕೋಶ ಅರ್ಧದಲ್ಲಿತ್ತು. ದೂರದ ಊರಿನಲ್ಲಿ ಕುಳಿತು ಚೀಟಿಗಳನ್ನು ಜೋಡಿಸಬಹುದು. ಆದರೆ ಸಂದೇಹ ಬಂದ ಪದವನ್ನು ಕೇಳುವುದು ಯಾರನ್ನು? ೧೮೮೩ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಅವರು ಮತ್ತೆ ಕನ್ನಡನಾಡಿಗೆ ಬಂದರು. ಈ ಸಲ ಬಂದದ್ದು ನಿಘಂಟಿಗಾಗಿಯೇ. ಪಂಡಿತರ ನೆರವು ಪಡೆದು, ಹಸ್ತಪ್ರತಿಗಳನ್ನು ಶೋಧಿಸಿ, ಒಂಬತ್ತು ವರ್ಷ ದುಡಿದು ೧೮೯೨ರಲ್ಲಿ ಹಿಂದಿರುಗಿದರು. ಇಪ್ಪತ್ತೊಂದರಲ್ಲಿ ಆತ್ಮಗಳನ್ನು ಉದ್ಧರಿಸಲೆಂದು ಕಡಲು ದಾಟಿದ್ದವನು ಐವತ್ತೊಂದರಲ್ಲಿ ಪದಗಳಿಗಾಗಿ ಅದೇ ಕಡಲನ್ನು ದಾಟಿದನೆಂಬುದೇ ನನ್ನ ಮಟ್ಟಿಗೆ ಈ ಜೀವನಚರಿತ್ರೆಯ ಮುಖ್ಯ ಘಟನೆ.

೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಕೋಶ ಅಚ್ಚಾಯಿತು. ಪೀಠಿಕೆಯನ್ನು ಬಿಟ್ಟು ೧೭೫೨ ಪುಟಗಳು. ಸುಮಾರು ೭೦,೦೦೦ ಪದಗಳು. ಪೀಠಿಕೆಯಲ್ಲಿ ಅವರು ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ನಾನೂರರಷ್ಟು ಪದಗಳ ಪಟ್ಟಿಯನ್ನು ಕೊಟ್ಟರು. ಅವುಗಳಲ್ಲಿ ಹಲವನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಆದರೆ ಕೊಡುಕೊಳ್ಳುವಿಕೆ ಎರಡು ಕಡೆಯಿಂದಲೂ ನಡೆದಿತ್ತೆಂಬ ಮೂಲವಿಚಾರವು ನಿಂತಿತು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೧೮೯೬ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು.

ಕೋಶದ ಇತಿಮಿತಿಗಳನ್ನು ಹೇಳದಿದ್ದರೆ ಅದು ಸ್ತೋತ್ರವಾದೀತು. ಪಂಪಭಾರತವೂ ಕವಿರಾಜಮಾರ್ಗವೂ ಅಚ್ಚಾದದ್ದು ೧೮೯೮ರಲ್ಲಿ, ಎಂದರೆ ಕೋಶ ಹೊರಬಂದ ನಾಲ್ಕು ವರ್ಷಗಳ ಮೇಲೆ. ವಡ್ಡಾರಾಧನೆಯನ್ನು ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ಪ್ರಕಟಿಸಿದ್ದು ೧೯೪೯ರಲ್ಲಿ. ಆದ್ದರಿಂದ ಕನ್ನಡದ ಅತಿ ಪ್ರಾಚೀನ ಸ್ತರದ ಪದಗಳು ಕಿಟ್ಟೆಲರಿಗೆ ಹೆಚ್ಚಾಗಿ ದೊರೆತದ್ದು ಕೇಶಿರಾಜನ ಉದಾಹರಣೆಗಳ ಮೂಲಕ, ಹಳೆಯ ಪದ್ಯಕೋಶಗಳ ಮೂಲಕ. ಪಂಪನನ್ನು ಓದುವವನು ಕೆಲವೆಡೆ ಕೋಶವನ್ನು ತೆರೆದು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಶಾಸನಗಳ ಪದಸಂಪತ್ತೂ ಅವರಿಗೆ ಪೂರ್ಣವಾಗಿ ಒದಗಲಿಲ್ಲ. ಕೆಲವು ವ್ಯುತ್ಪತ್ತಿಗಳು ಊಹೆಯ ಮಟ್ಟದಲ್ಲಿಯೇ ನಿಂತಿವೆ. ಅಂಥ ಕಡೆಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುವ ಪ್ರಾಮಾಣಿಕತೆ ಅವರಲ್ಲಿತ್ತು.

ನಮ್ಮ ಹುಡುಗರ ಕಷ್ಟ ಬೇರೆಯದು. ಕಿಟ್ಟೆಲರು ಅರ್ಥ ಹೇಳಿರುವುದು ಇಂಗ್ಲಿಷಿನಲ್ಲಿ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಒಂದು ಬೀಗವನ್ನು ತೆರೆಯಲು ಇನ್ನೊಂದು ಬೀಗವನ್ನು ತೆರೆಯಬೇಕಾದ ಪರಿಸ್ಥಿತಿ. ಎಲರ್ ಎಂಬುದಕ್ಕೆ ಇಂಗ್ಲಿಷ್ ಅರ್ಥವನ್ನು ಕಂಡು, ಆ ಇಂಗ್ಲಿಷಿಗೆ ಮತ್ತೊಂದು ನಿಘಂಟಿನಲ್ಲಿ ಕನ್ನಡವನ್ನು ಕಂಡು, ಕೊನೆಗೆ ಗಾಳಿಯೆಂದು ಬರೆದುಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಇದರಲ್ಲಿ ಕಿಟ್ಟೆಲರದೇನೂ ದೋಷವಿಲ್ಲ. ಅವರು ತಮ್ಮ ಕಾಲದ ಓದುಗರಿಗಾಗಿ ಬರೆದರು. ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ಬೃಹತ್ಕೋಶವನ್ನು ಕಟ್ಟುವುದು ಕನ್ನಡಿಗರ ಹೊಣೆಯಾಗಿತ್ತು. ಸಾರಾಂಶವನ್ನು ಬರೆಸಿ ಪರೀಕ್ಷೆಯನ್ನು ದಾಟಿಸುವ ಪದ್ಧತಿ ನಮ್ಮಲ್ಲಿ ಬೇರೂರಿದ್ದಕ್ಕೆ ಈ ಕೊರತೆಯೂ ಒಂದು ಕಾರಣವೆಂದು ತೋರುತ್ತದೆ. ಪದ ದೊರೆಯದವನು ಪದ್ಯವನ್ನು ಬಿಟ್ಟು ಕಥೆಯನ್ನು ಹಿಡಿದನು. ಗದಾಯುದ್ಧದಲ್ಲಿ ದುರ್ಯೋಧನನ ತೊಡೆ ಮುರಿದದ್ದು ಎಲ್ಲರಿಗೂ ಗೊತ್ತು. ಅದನ್ನು ರನ್ನನು ಯಾವ ಮಾತಿನಲ್ಲಿ ಹೇಳಿದನೆಂಬುದು ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ರನ್ನನನ್ನು ಓದಿದಂತಾಗಲಿಲ್ಲ.

ಕಿಟ್ಟೆಲರ ಕೋಶವನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸು ವಿಶ್ವವಿದ್ಯಾನಿಲಯದಿಂದ ೧೯೬೮ ಮೊದಲ್ಗೊಂಡು ೧೯೭೧ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು ೧೯೭೦ರಲ್ಲಿ ಮೊದಲಾಗಿ ೧೯೯೫ರಲ್ಲಿ ಎಂಟು ಸಂಪುಟಗಳಾಗಿ ಪೂರ್ಣಗೊಂಡಿತು. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ನಮ್ಮ ಜಿಲ್ಲೆಯ ಗಂಜಾಮಿನಲ್ಲಿ ೧೯೧೩ರಲ್ಲಿ ಹುಟ್ಟಿದವರು. ನೂರನ್ನು ದಾಟಿ ೨೦೨೧ರ ವರೆಗೂ ಬಾಳಿದರು. ಪರಿಷತ್ತಿನ ಕೋಶ ಬಂದ ಮೇಲೆ ಇಂಗ್ಲಿಷಿನ ಬೀಗ ತೆರೆಯಿತು. ಆದರೂ ಸಾಟಿಪದಗಳಿಗಾಗಿ, ಒಂದೇ ಸಂಪುಟದಲ್ಲಿ ಎಲ್ಲವೂ ದೊರೆಯುವ ಅನುಕೂಲಕ್ಕಾಗಿ, ನಾನು ಮೊದಲು ಕೈಹಾಕುವುದು ಇಂದಿಗೂ ಕಿಟ್ಟೆಲ್‌ಗೇ. ವಿದ್ಯಾರ್ಥಿಗಳು ಈಗ ಅದನ್ನು ಮೊಬೈಲಿನಲ್ಲಿಯೇ ನೋಡುತ್ತಾರೆ. ಬೇಕಾದ ಪದ ಒಡನೆಯೇ ಸಿಗುತ್ತದೆ. ಅದರ ನೆರೆಹೊರೆಯ ಪದಗಳ ಮೇಲೆ ಕಣ್ಣು ಬೀಳದೆ ಹೋಗುತ್ತದೆಂಬುದೊಂದು ನನ್ನ ಹಳೆಯ ಗೊಣಗಾಟ. ಪುಟ ತಿರುವುವಾಗ ಹುಡುಕದೆ ಸಿಕ್ಕ ಪದಗಳೇ ನನಗೆ ಹೆಚ್ಚು ಉಳಿದಿವೆ.

ಕೊನೆಯ ವರ್ಷಗಳನ್ನು ಕಿಟ್ಟೆಲರು ಟ್ಯೂಬಿಂಗೆನ್‌ನಲ್ಲಿ ಕಳೆದರು. ಕೋಶ ಮುಗಿದ ಮೇಲೂ ಕನ್ನಡದ ಕೆಲಸ ಮುಗಿಯಲಿಲ್ಲ. ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂಬ ಮೂರು ಅವಸ್ಥೆಗಳನ್ನೂ ಒಟ್ಟಿಗೆ ಹಿಡಿದು ಕನ್ನಡ ವ್ಯಾಕರಣವೊಂದನ್ನು ಬರೆಯುತ್ತಿದ್ದರು. ಕನ್ನಡ ಮಾತು ಕಿವಿಗೆ ಬೀಳದ ಆ ಊರಿನಲ್ಲಿ ಕುಳಿತು ಪಾಲ್ ಹಾಲಾದ ಬಗೆಯನ್ನು, ಪೊೞ್ತು ಹೊತ್ತಾದ ಬಗೆಯನ್ನು ಅವರು ಕ್ರಮಪಡಿಸಿದರು. ಆ ವ್ಯಾಕರಣವು ೧೯೦೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಕಿಟ್ಟೆಲರು ಟ್ಯೂಬಿಂಗೆನ್‌ನಲ್ಲಿಯೇ ತೀರಿಕೊಂಡರು.